ಆರಂಭಶೂರರ ಮ್ಯಾರಥಾನ್

ಏಪ್ರಿಲ್ ತಿಂಗಳ ಲಂಡನ್ ಮ್ಯಾರಥಾನ್‌ಗೆ ನಮ್ಮ ಬಳಗದ ಹಲವು ಮನೆಗಳಿಂದ ಈ ಸಲವೂ ಓಟಗಾರರು ಸಿದ್ಧರಾಗುತ್ತಿದ್ದಾರೆ. ಬ್ಯಾಲಟ್‌ನಲ್ಲಿ ಹೆಸರು ಬಂದವರು ಕೆಲವರು. ಸೇವಾಸಂಸ್ಥೆಗಳ ಪರವಾಗಿ ದೇಣಿಗೆ ಕೂಡಿಸಿ ಓಡುವವರು ಇನ್ನು ಕೆಲವರು. ನಲವತ್ತು ದಾಟಿದವರು, ಕೆಲಸದ ಒತ್ತಡದ ನಡುವೆ, ಚಳಿಗಾಲದ ಕತ್ತಲಲ್ಲಿ ಎದ್ದು ಬೂಟಿನ ದಾರ ಕಟ್ಟುವುದು ಸಣ್ಣ ಮಾತಲ್ಲ. ನಮ್ಮ ಯುಗಾದಿ ಸಮಾರಂಭಗಳಲ್ಲಿ ಓಟವೆಂದರೆ ಊಟದ ಸಾಲಿನತ್ತ ಓಡುವುದು ಎಂಬಂತಿದ್ದ ಕಾಲವನ್ನು ಬಲ್ಲ ನಮಗೆ ಇದು ನಿಜವಾದ ಸಂತೋಷ.

ಈ ಸಂತೋಷದ ಬೆನ್ನಿಗೇ ಬೆಳೆದುಬಂದಿರುವ ಒಂದು ರೂಢಿಯ ವಿರುದ್ಧ ನಾವು ಇಲ್ಲಿ ಬರೆಯುತ್ತಿದ್ದೇವೆ. ಭಾನುವಾರ ಮಧ್ಯಾಹ್ನವಾಯಿತೆಂದರೆ ಓಟದ ಗುಂಪಿನ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಬರುತ್ತದೆ. ಯಾರು ಎಷ್ಟು ದೂರ ಓಡಿದರು, ಕಿಲೋಮೀಟರಿಗೆ ಎಷ್ಟು ನಿಮಿಷ, ಎಷ್ಟನೆಯ ಸ್ಥಾನ. ಮೊದಲ ಮೂವರ ಹೆಸರಿನ ಮುಂದೆ ಪದಕ, ಕೊನೆಯವರ ಹೆಸರಿನ ಮುಂದೆ ಆಮೆಯ ಚಿತ್ರ. ಪಾರ್ಕ್‌ರನ್‌ಗೆ ಪಟ್ಟಿ, ಹತ್ತು ಕಿಲೋಮೀಟರಿನ ಓಟಕ್ಕೆ ಪಟ್ಟಿ, ಹಾಫ್ ಮ್ಯಾರಥಾನ್‌ಗೆ ಪಟ್ಟಿ; ಕಡೆಗೆ, ಮೈ ಹದಗೊಳಿಸಲೆಂದು ನಿಧಾನವಾಗಿ ಓಡಬೇಕಾದ ಅಭ್ಯಾಸದ ಓಟಕ್ಕೂ ಪಟ್ಟಿ. ಆಮೆಯ ಕಥೆ ಹೇಗೆ ಮುಗಿಯುತ್ತದೆಂಬುದನ್ನು ಪಟ್ಟಿ ತಯಾರಿಸುವವರು ಮರೆತಂತಿದೆ, ಅದಿರಲಿ.

ಇದು ನಿರಪಾಯದ ತಮಾಷೆ, ಹುರುಪು ತುಂಬುವ ಉಪಾಯ ಎಂದು ಇದರ ಪರವಾಗಿ ವಾದಿಸುವವರಿದ್ದಾರೆ. ನಾವು ಒಪ್ಪುವುದಿಲ್ಲ. ಮ್ಯಾರಥಾನ್ ಎಂಬ ಓಟದಲ್ಲಿ ಕಲಿಯಬೇಕಾದ ವಿದ್ಯೆ ಒಂದಿದ್ದರೆ ಅದು ಗತಿಯನ್ನು ಹಂಚಿಕೊಳ್ಳುವ ವಿದ್ಯೆ. ಯಾವ ಕಿಲೋಮೀಟರಿನಲ್ಲಿ ಎಷ್ಟು ಖರ್ಚು ಮಾಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ಲೆಕ್ಕ ಅದು. ಈ ಪಟ್ಟಿ ಆ ವಿದ್ಯೆಯನ್ನು ಕಲಿಸುವುದಿಲ್ಲವಷ್ಟೇ ಅಲ್ಲ, ಕಲಿಯಗೊಡುವುದೂ ಇಲ್ಲ. ಪ್ರತಿ ವಾರ ಮೊದಲ ಹೆಜ್ಜೆಯಿಂದಲೇ ನುಗ್ಗಲು ಕಲಿತ ಕಾಲುಗಳು ಏಪ್ರಿಲ್‌ನ ಆ ದಿನ ಮಾತ್ರ ತಾಳ್ಮೆ ತೋರುತ್ತವೆಂದು ನಂಬುವುದು ಹೇಗೆ? ಕನ್ನಡದಲ್ಲಿ ಇದಕ್ಕೆ ಹಳೆಯ ಹೆಸರೇ ಇದೆ: ಆರಂಭಶೂರತ್ವ. ಅದನ್ನು ನಮ್ಮ ಹಿರಿಯರು ಹೊಗಳಿಕೆಯಾಗಿ ಬಳಸಲಿಲ್ಲ.

ಲಂಡನ್ ಮ್ಯಾರಥಾನ್‌ನ ಹಾದಿಯೇ ಆರಂಭಶೂರರಿಗೆಂದು ಒಡ್ಡಿದ ಬಲೆಯಂತಿದೆ. ಬ್ಲಾಕ್‌ಹೀತ್ ಮತ್ತು ಗ್ರೀನಿಚ್‌ನಿಂದ ಹೊರಟ ದಾರಿ ಮೊದಲ ಮೂರು ಮೈಲಿ ವುಲಿಚ್‌ನತ್ತ ಇಳಿಜಾರು. ಕೊನೆಯ ವಾರಗಳಲ್ಲಿ ಓಟ ಕಡಿಮೆ ಮಾಡಿ ವಿಶ್ರಾಂತಿ ಪಡೆದ ಕಾಲುಗಳು, ಬೆಳಗಿನ ತಂಪು, ಇಕ್ಕೆಲಗಳಲ್ಲಿ ಕೂಗಿ ಹುರಿದುಂಬಿಸುವ ಜನ, ರಕ್ತದಲ್ಲಿ ಏರಿದ ಅಡ್ರಿನಲಿನ್; ಇವೆಲ್ಲ ಸೇರಿದಾಗ ಯಾವ ವೇಗವೂ ವೇಗವೆನಿಸುವುದಿಲ್ಲ. ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಕಟಿ ಸಾರ್ಕ್ ಹಡಗನ್ನು ಸುತ್ತಿ ಬರುವಾಗ ಗಡಿಯಾರ ನೋಡಿದವರಿಗೆ ತಾವು ಯೋಜನೆಗಿಂತ ಐದಾರು ನಿಮಿಷ ಮುಂದಿರುವುದು ಕಾಣುತ್ತದೆ; ಎದೆ ಉಬ್ಬುತ್ತದೆ. ಇಪ್ಪತ್ತನೆಯ ಕಿಲೋಮೀಟರಿನಲ್ಲಿ ಟವರ್ ಬ್ರಿಡ್ಜ್ ದಾಟುವಾಗಲೂ ಕ್ಯಾಮೆರಾಗಳಿಗೆ ಕೈ ಬೀಸುವಷ್ಟು ಚೈತನ್ಯವಿರುತ್ತದೆ. ಸೇತುವೆ ದಾಟಿ ಬಲಕ್ಕೆ ಹೊರಳಿದಾಗ ರಸ್ತೆಯ ಆ ಬದಿಯಲ್ಲಿ, ತಮಗಿಂತ ಒಂಬತ್ತು ಮೈಲಿ ಮುಂದಿರುವವರು ವೆಸ್ಟ್‌ಮಿನ್‌ಸ್ಟರ್‌ನ ಕಡೆಗೆ ಹಿಂದಿರುಗುತ್ತಿರುವುದು ಕಾಣಿಸುತ್ತದೆ. ಅಲ್ಲಿಂದ ಐಲ್ ಆಫ್ ಡಾಗ್ಸ್, ಕೆನರಿ ವಾರ್ಫ್. ಮೂವತ್ತನೆಯ ಕಿಲೋಮೀಟರು. ಉತ್ತರಕುಮಾರನಿಗೆ ಕೌರವ ಸೇನೆ ಕಂಡದ್ದು ಇಂಥ ಜಾಗದಲ್ಲೇ ಇರಬೇಕು.

ಮುಂಚಿತವಾಗಿ ವೇಗ ಹೆಚ್ಚಿಸಿ ಒಂದಷ್ಟು ಸಮಯ ‘ಬ್ಯಾಂಕಿನಲ್ಲಿ’ ಇಟ್ಟುಕೊಂಡರೆ ಕೊನೆಗೆ ಒದಗುತ್ತದೆ ಎಂಬ ವಾದವನ್ನು ಗುಂಪಿನಲ್ಲಿ ಬಹಳ ಸಲ ಕೇಳಿದ್ದೇವೆ. ಲೆಕ್ಕಿಗರೂ ಇಂಜಿನಿಯರರೂ ತುಂಬಿರುವ ನಮ್ಮ ಬಳಗದಲ್ಲಿ ಈ ಬ್ಯಾಂಕಿನ ಪಾಸ್‌ಬುಕ್ಕನ್ನು ಯಾರೂ ತೆರೆದು ನೋಡಿದಂತಿಲ್ಲ. ನಾಲ್ಕೂವರೆ ಗಂಟೆಯ ಗುರಿ ಇಟ್ಟುಕೊಂಡವರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡು ಅವರ ಸಮಗತಿ. ಮೊದಲ 10 ಕಿ.ಮೀ.ಯನ್ನು ಅವರು 5 ನಿಮಿಷ 50 ಸೆಕೆಂಡಿನಂತೆ ಓಡಿದರೆ ಉಳಿತಾಯ 5 ನಿಮಿಷ 40 ಸೆಕೆಂಡು. ನಡುವಿನ ಭಾಗವನ್ನು ಹೇಗೋ ಸಮಗತಿಯಲ್ಲಿ ಮುಗಿಸಿದರೆನ್ನಿ. ಕೊನೆಯ 12 ಕಿ.ಮೀ.ಯಲ್ಲಿ ತೊಡೆ ಸೋತು, ಓಟ ನಡಿಗೆಗಳ ನಡುವೆ ತಡವರಿಸಿ, ಕಿಲೋಮೀಟರಿಗೆ 8 ನಿಮಿಷ ತೆಗೆದುಕೊಂಡರೆ ನಷ್ಟ 19 ನಿಮಿಷಕ್ಕೂ ಹೆಚ್ಚು. ಐದೂಮುಕ್ಕಾಲು ನಿಮಿಷದಷ್ಟು ಜಮೆ, ಹತ್ತೊಂಬತ್ತು ನಿಮಿಷ ಖರ್ಚು. ಇದು ಠೇವಣಿಯಲ್ಲ, ಮೀಟರ್ ಬಡ್ಡಿಗೆ ಎತ್ತಿದ ಸಾಲ. ವಸೂಲಿಗೆ ಬರುವವನು ಮೂವತ್ತನೆಯ ಕಿಲೋಮೀಟರಿನಲ್ಲಿ ನಿಂತಿರುತ್ತಾನೆ. ಕಿಲೋಮೀಟರಿಗೆ 8 ನಿಮಿಷವೆಂಬುದು ಉತ್ಪ್ರೇಕ್ಷೆಯೆಂದು ತೋರಿದರೆ, ಕಳೆದ ವರ್ಷ ಓಡಿದ ಯಾರ ಗಡಿಯಾರದ ದಾಖಲೆಯನ್ನಾದರೂ ಕೇಳಿ ನೋಡಬಹುದು. ಬಹಳ ಮಂದಿಗೆ ಅದು ಸೌಮ್ಯವಾದ ಅಂದಾಜೆಂದೇ ಕಾಣುವುದು.

ಈ ವಸೂಲಿಯ ಹಿಂದಿನ ದೇಹಧರ್ಮವನ್ನು ಸ್ವಲ್ಪ ವಿವರಿಸುವುದು ವೈದ್ಯರಾಗಿ ನಮ್ಮ ಕರ್ತವ್ಯ. ಓಟಕ್ಕೆ ಒದಗುವ ಇಂಧನ ಎರಡು ಬಗೆಯದು. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಗ್ಲೈಕೊಜೆನ್ ಒಂದು. ಮೈಯ ಕೊಬ್ಬು ಇನ್ನೊಂದು. ಗ್ಲೈಕೊಜೆನ್ ಅಡುಗೆಮನೆಯ ಡಬ್ಬಿಯಲ್ಲಿರುವ ಅಕ್ಕಿಯಂತೆ. ಕೈ ಹಾಕಿದರೆ ಸಿಗುತ್ತದೆ, ಆದರೆ ಡಬ್ಬಿ ಚಿಕ್ಕದು. ಕೊಬ್ಬು ಕಣಜದ ಭತ್ತ. ಎಷ್ಟು ತೆಗೆದರೂ ಮುಗಿಯುವಂಥದಲ್ಲ, ಆದರೆ ಕುಟ್ಟಿ, ಕೇರಿ, ಹಸನು ಮಾಡಿದ ಮೇಲಷ್ಟೇ ಒಲೆಗೆ. ಸಾಧಾರಣ ಮೈಕಟ್ಟಿನವರ ಡಬ್ಬಿಯಲ್ಲಿ ಸುಮಾರು 2,000 ಕ್ಯಾಲರಿಯಷ್ಟು ಅಕ್ಕಿ ಇರುತ್ತದೆ. ಓಟದ ಖರ್ಚು, ಒಂದು ಕಿಲೋಮೀಟರಿಗೆ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸರಿಸುಮಾರು 1 ಕ್ಯಾಲರಿ. ಎಂದರೆ 70 ಕಿಲೋ ತೂಗುವವರಿಗೆ ಮ್ಯಾರಥಾನ್ ಮುಗಿಸಲು ಹತ್ತಿರ ಹತ್ತಿರ 3,000 ಕ್ಯಾಲರಿ ಬೇಕು. ಡಬ್ಬಿಯೊಂದರಿಂದಲೇ ಊರು ಸೇರಲಾಗದು, ಕಣಜವೂ ತೆರೆಯಬೇಕು.

ಇಲ್ಲಿ ಬಹಳ ಜನ ಗಮನಿಸದ ಒಂದು ಸೂಕ್ಷ್ಮವಿದೆ. ಒಂದು ಕಿಲೋಮೀಟರು ಓಡಲು ಬೇಕಾದ ಒಟ್ಟು ಕ್ಯಾಲರಿ ವೇಗದೊಡನೆ ಅಷ್ಟೇನೂ ಬದಲಾಗುವುದಿಲ್ಲ. ಬದಲಾಗುವುದು ಅದು ಎಲ್ಲಿಂದ ಬರುತ್ತದೆಂಬುದು. ನಿಧಾನವಾಗಿ ಓಡುವವರ ದೇಹಕ್ಕೆ ಭತ್ತ ಕುಟ್ಟಲು ಪುರುಸೊತ್ತಿರುತ್ತದೆ; ಖರ್ಚಿನ ಗಣನೀಯ ಪಾಲನ್ನು ಕೊಬ್ಬು ಹೊರುತ್ತದೆ. ವೇಗ ಏರಿದಂತೆ ದೇಹ ಕಣಜವನ್ನು ಬಿಟ್ಟು ಡಬ್ಬಿಗೇ ಕೈ ಹಾಕುತ್ತದೆ. ಆದುದರಿಂದ ಮೊದಲ ಹತ್ತು ಕಿಲೋಮೀಟರಿನಲ್ಲಿ ಹಗುರವೆನಿಸಿದ ಆ ಮೂವತ್ತು ಸೆಕೆಂಡುಗಳ ಅವಸರ ಅಲ್ಲಿ ಏನನ್ನೂ ನೋಯಿಸುವುದಿಲ್ಲ. ಸದ್ದಿಲ್ಲದೆ ಡಬ್ಬಿಯ ತಳ ಕೆರೆಯುತ್ತದೆ. ಡಬ್ಬಿ ಬರಿದಾದ ಮೇಲೆ ಕಾಲು ಸೀಸದಂತಾಗುತ್ತದೆ, ರಕ್ತದ ಸಕ್ಕರೆ ಕುಸಿದವರಿಗೆ ತಲೆಯೂ ಮಂಕಾಗುತ್ತದೆ. ಓಟಗಾರರು ‘ಗೋಡೆ’ ಎನ್ನುವುದು ಇದನ್ನೇ. ದಾರಿಯಲ್ಲಿ ಜೆಲ್ ಸೇವಿಸಿದರೆ ಸಾಲದೆ ಎಂದು ಕೇಳುವವರುಂಟು. ಒಂದು ಜೆಲ್ ಪೊಟ್ಟಣದಲ್ಲಿ ಸಾಮಾನ್ಯವಾಗಿ ಇರುವುದು 100 ಕ್ಯಾಲರಿಯ ಆಸುಪಾಸು. ಅದು ಸಹಾಯ ಮಾಡುತ್ತದೆ, ಬೇಕೂ ಬೇಕು. ಆದರೆ ಮಿತಿಮೀರಿದ ವೇಗದಲ್ಲಿ ರಕ್ತವೆಲ್ಲ ಕಾಲಿನತ್ತ ಹರಿದಾಗ ಹೊಟ್ಟೆ ಅದನ್ನು ಜೀರ್ಣಿಸಿಕೊಳ್ಳಲು ಒಪ್ಪುವುದಿಲ್ಲ, ಹೊರಗೆ ಕಳುಹಿಸುತ್ತದೆ. ಓಟಗಳ ವೈದ್ಯಕೀಯ ಡೇರೆಯಲ್ಲಿ ಸ್ವಯಂಸೇವಕರಾಗಿ ಕುಳಿತ ನಮಗೆ ವಾಂತಿ ಮಾಡಿಕೊಳ್ಳುತ್ತ ಬಂದವರ ಪರಿಚಯ ಚೆನ್ನಾಗಿದೆ. ‘ತೀರ ನಿಧಾನವಾಗಿ ಶುರು ಮಾಡಿಬಿಟ್ಟೆ ಡಾಕ್ಟರೇ’ ಎಂದು ಹೇಳಿಕೊಂಡು ಆ ಮಂಚದ ಮೇಲೆ ಮಲಗಿದವರನ್ನು ಇದುವರೆಗೆ ಕಂಡಿಲ್ಲ.

ಇದು ನಮ್ಮಂಥ ಹವ್ಯಾಸಿಗಳ ಕಥೆ, ನಿಜವಾದ ವೀರರು ಮೊದಲಿನಿಂದಲೇ ನುಗ್ಗುತ್ತಾರೆ ಎಂದರೆ, ಅದೂ ಸುಳ್ಳು. ಕೆನ್ಯಾದ ಕೆಲ್ವಿನ್ ಕಿಪ್ಟಮ್ 2023ರ ಅಕ್ಟೋಬರಿನಲ್ಲಿ ಶಿಕಾಗೊ ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಮೊದಲ ಅರ್ಧಕ್ಕೆ 60 ನಿಮಿಷ 48 ಸೆಕೆಂಡು, ಎರಡನೆಯ ಅರ್ಧಕ್ಕೆ 59 ನಿಮಿಷ 47 ಸೆಕೆಂಡು. ಅದೇ ವರ್ಷದ ಏಪ್ರಿಲ್‌ನಲ್ಲಿ ಇದೇ ಲಂಡನ್ನಿನ ಬೀದಿಗಳಲ್ಲಿ ಅವರು ಎರಡನೆಯ ಅರ್ಧವನ್ನು ಮೊದಲಿನದಕ್ಕಿಂತ ಹೆಚ್ಚುಕಡಿಮೆ ಎರಡು ನಿಮಿಷ ಬೇಗ ಓಡಿದ್ದರು. ಎಲಿಯುಡ್ ಕಿಪ್ಚೋಗೆ 2018ರಲ್ಲಿ ಬರ್ಲಿನ್‌ನಲ್ಲಿ ದಾಖಲೆ ಮಾಡಿದಾಗಲೂ ಉತ್ತರಾರ್ಧವೇ ವೇಗದ್ದು. 2022ರಲ್ಲಿ ಅದೇ ಬರ್ಲಿನ್‌ನಲ್ಲಿ ಅವರು ಮೊದಲ ಅರ್ಧವನ್ನು 59 ನಿಮಿಷ 51 ಸೆಕೆಂಡಿಗೆ ಮುಗಿಸಿದರು. ದಾಖಲೆ ಮತ್ತೆ ಮುರಿಯಿತು, ಆದರೆ ಎರಡನೆಯ ಅರ್ಧಕ್ಕೆ 61 ನಿಮಿಷ 18 ಸೆಕೆಂಡು ಬೇಕಾಯಿತು. ಕಿಪ್ಚೋಗೆಯಂಥವರಿಂದಲೂ ಸಾಲದ ಮೇಲೆ ಬಡ್ಡಿ ವಸೂಲಾಗುವುದಾದರೆ, ವಾರಕ್ಕೆ ಮೂರು ದಿನ ಆಫೀಸು ಮುಗಿಸಿ ಓಡುವ ನಮ್ಮವರಿಗೆ ರಿಯಾಯಿತಿ ಸಿಗುವುದೆ?

ಇಂದು ಜಗತ್ತೆಲ್ಲ ಓಡುವ 42.195 ಕಿ.ಮೀ. ಎಂಬ ಅಳತೆ ಹುಟ್ಟಿದ್ದು ಇದೇ ನಾಡಿನಲ್ಲಿ, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ವಿಂಡ್ಸರ್ ಅರಮನೆಯಿಂದ ವೈಟ್ ಸಿಟಿ ಕ್ರೀಡಾಂಗಣದವರೆಗೆ ಜುಲೈ ತಿಂಗಳ ಬಿಸಿಲಿನಲ್ಲಿ ನಡೆದ ಆ ಓಟದಲ್ಲಿ ಆತಿಥೇಯ ಬ್ರಿಟನ್ನಿನ ಓಟಗಾರರು ಮೊದಲ ಮೈಲಿಗಳಲ್ಲೇ ಮುನ್ನುಗ್ಗಿದರು, ಬೇಗನೆ ಸೋತು ಹಿಂದುಳಿದರು. ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮುಂದಾಗಿ ಕ್ರೀಡಾಂಗಣ ಹೊಕ್ಕವನು ದಿಕ್ಕು ತಪ್ಪಿ ತಿರುಗಿ, ಮತ್ತೆ ಮತ್ತೆ ಬಿದ್ದು, ಅಧಿಕಾರಿಗಳ ಆಸರೆಯಲ್ಲಿ ಗೆರೆ ಮುಟ್ಟಿ, ಆ ಆಸರೆಯ ಕಾರಣದಿಂದಲೇ ಅನರ್ಹನಾದ. ಚಿನ್ನ ದೊರೆತದ್ದು ಮೊದಲು ಹಿಂದೆಯೇ ಉಳಿದು, ಸೋತವರನ್ನು ಒಬ್ಬೊಬ್ಬರಾಗಿ ದಾಟಿಕೊಂಡು ಬಂದ ಅಮೆರಿಕದ ಜಾನಿ ಹೇಯ್ಸ್‌ಗೆ. ಜನಮನದಲ್ಲಿ ಉಳಿದ ಚಿತ್ರ ಮಾತ್ರ ಬಿದ್ದ ಪಿಯೆಟ್ರಿಯದು. ರಾಣಿ ಅಲೆಕ್ಸಾಂಡ್ರಾ ಅವನಿಗೊಂದು ಬೆಳ್ಳಿಯ ಬಟ್ಟಲನ್ನೂ ಕೊಟ್ಟಳು. ಬೀಳುವುದನ್ನು ಮೆಚ್ಚುವ ಚಟ ನಮ್ಮ ವಾಟ್ಸಾಪ್ ಗುಂಪಿನಿಂದ ಆರಂಭವಾದದ್ದಲ್ಲ ಎಂಬುದಷ್ಟೇ ಸಮಾಧಾನ.

‘ಛಲ ಬೇಕು’ ಎಂಬ ಮಾತಿಗೆ ಬರೋಣ. ಕನ್ನಡಿಗರು ಓಟಗಾರರಲ್ಲ ಎಂಬ ಕೀಳರಿಮೆಯನ್ನು ಓಡಿಸಬೇಕು, ಅದಕ್ಕಾಗಿ ಮೈ ಮುರಿದಾದರೂ ತೋರಿಸಬೇಕು ಎಂದು ಹಿರಿಯ ಸದಸ್ಯರೊಬ್ಬರು ಗುಂಪಿನಲ್ಲಿ ಬರೆದಿದ್ದರು. ಗೌರವಪೂರ್ವಕವಾಗಿಯೇ ನಾವು ಹೇಳಬೇಕಾದದ್ದು: ತೋರಿಸಬೇಕಾದದ್ದು ಏನೂ ಉಳಿದಿಲ್ಲ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು ಭಾರತದ ಪರವಾಗಿ ಓಡಿ, 2 ಗಂಟೆ 50 ನಿಮಿಷಗಳಲ್ಲಿ 19ನೆಯವರಾಗಿ ಬಂದರು. ಆ ವರ್ಷದ ಹಾದಿ ಇಂದಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದ, 42.75 ಕಿ.ಮೀ. ಕಿಲೋಮೀಟರಿಗೆ ಸುಮಾರು 4 ನಿಮಿಷದ ಗತಿ. ಕೈಯಲ್ಲಿ ಗಾರ್ಮಿನ್ ಇಲ್ಲ, ಜೇಬಿನಲ್ಲಿ ಜೆಲ್ ಇಲ್ಲ. ನೂರು ವರ್ಷದ ಹಿಂದೆಯೇ ಬೆಳಗಾವಿ ಉತ್ತರ ಕೊಟ್ಟಾಗಿದೆ. ಪಟ್ಟಿಯಲ್ಲಿ ಮೇಲೇರುವುದರಿಂದ ಆ ಉತ್ತರಕ್ಕೆ ಏನೂ ಕೂಡುವುದಿಲ್ಲ. ಛಲವೆಂದರೆ ಬೇರೆಯೇ. ಹಿಂದಿನಿಂದ ಬಂದವರು ಸಾಲುಸಾಲಾಗಿ ತಮ್ಮನ್ನು ದಾಟಿ ಹೋಗುತ್ತಿದ್ದರೂ, ಮೊದಲ ಐದು ಮೈಲಿ ತಮ್ಮ ಗತಿಯನ್ನು ಬಿಟ್ಟುಕೊಡದಿರುವುದಕ್ಕೆ ಬೇಕಾಗುವುದೇ ಛಲ. ನುಗ್ಗುವುದಕ್ಕೆ ಇಳಿಜಾರು ಸಾಕು.

ಬಿಸಿಲಿನ ಬಗೆಗೂ ಇಂಥದೇ ಒಂದು ಹುಸಿ ಅಭಿಮಾನವಿದೆ. 2018ರ ಏಪ್ರಿಲ್ 22ರಂದು ಲಂಡನ್ ಮ್ಯಾರಥಾನ್‌ನ ದಿನ ಉಷ್ಣಾಂಶ 24.1 ಡಿಗ್ರಿ ಮುಟ್ಟಿತು. ಗುರಿಯ ಸಮಯವನ್ನು ಮರೆತು ನಿಧಾನವಾಗಿ ಓಡಿರೆಂದು ಸಂಘಟಕರೇ ಎಚ್ಚರಿಸಿದ್ದರು. ಬಳ್ಳಾರಿ, ರಾಯಚೂರಿನ ಬಿಸಿಲಲ್ಲಿ ಬೆಳೆದ ನಮಗೆ 24 ಡಿಗ್ರಿ ಯಾವ ಲೆಕ್ಕ ಎನ್ನುವವರು ತಿಳಿಯಬೇಕಾದದ್ದು, ಬಿಸಿಲಿಗೆ ಹೊಂದಿಕೊಂಡ ದೇಹ ಆ ಹೊಂದಾಣಿಕೆಯನ್ನು ಕೆಲವೇ ವಾರಗಳಲ್ಲಿ ಕಳೆದುಕೊಳ್ಳುತ್ತದೆ. ಅದು ಜಾತಕದಲ್ಲಿ ಬರುವ ಗುಣವಲ್ಲ. ಐದು ತಿಂಗಳು ಲೆಸ್ಟರಿನ ಚಳಿಯಲ್ಲಿ ಓಡಿದ ರಾಯಚೂರಿನವರು ಆ ದಿನದ ಮಟ್ಟಿಗೆ ಲೆಸ್ಟರಿನವರೇ. ಬಿಸಿಲಿದ್ದಾಗ ರಕ್ತದ ಒಂದು ಪಾಲು ಮೈ ತಣಿಸಲು ಚರ್ಮದತ್ತ ಹರಿಯುತ್ತದೆ, ಬೆವರಿನಲ್ಲಿ ನೀರು ಹೋಗುತ್ತದೆ. ಅದೇ ಗತಿಗೆ ಹೃದಯದ ಬಡಿತ ಗಂಟೆಗಂಟೆಗೆ ಏರುತ್ತ ಸಾಗುತ್ತದೆ. ಆಗ ಗಡಿಯಾರದ ಅಂಕಿಯನ್ನು ಹಿಡಿದುಕೊಂಡೇ ಓಡುವುದು ಹಟ, ಛಲವಲ್ಲ. ಹಾಗೆಂದು ದಾರಿಯುದ್ದಕ್ಕೂ ಸಿಕ್ಕ ನೀರನ್ನೆಲ್ಲ ಕುಡಿಯುವುದೂ ಅಪಾಯವೇ. ರಕ್ತದ ಸೋಡಿಯಂ ಇಳಿದು ಪ್ರಜ್ಞೆ ತಪ್ಪಬಹುದು. ಬಾಯಾರಿದಷ್ಟು ಕುಡಿದರೆ ಸಾಕು.

ಹೃದಯದ ವಿಷಯ ಬಂದಮೇಲೆ ಅದನ್ನು ಅರ್ಧಕ್ಕೆ ಬಿಡಲಾಗದು. ಓಡಿದರೆ ಹೃದಯ ನಿಲ್ಲುತ್ತದೆಂದು ಹೆದರಿಸುವ ಉದ್ದೇಶ ನಮಗಿಲ್ಲ. 2000ದಿಂದ 2010ರವರೆಗೆ ಅಮೆರಿಕದ ಮ್ಯಾರಥಾನ್ ಮತ್ತು ಹಾಫ್ ಮ್ಯಾರಥಾನ್‌ಗಳಲ್ಲಿ ಓಡಿದ ಒಂದು ಕೋಟಿಗೂ ಹೆಚ್ಚು ಮಂದಿಯ ಲೆಕ್ಕ ತೆಗೆದ ಅಧ್ಯಯನದಲ್ಲಿ ಹೃದಯ ಸ್ತಂಭಿಸಿದ ಪ್ರಕರಣಗಳು 59. ಕೂತೇ ಕಾಲ ಕಳೆಯುವುದರ ಅಪಾಯ ಇದಕ್ಕಿಂತ ದೊಡ್ಡದು. ಆದರೆ ದಕ್ಷಿಣ ಏಷ್ಯಾ ಮೂಲದವರಾದ ನಮಗೆ ಮಧುಮೇಹವೂ ಹೃದಯದ ರಕ್ತನಾಳಗಳ ರೋಗವೂ ಈ ದೇಶದ ಇತರರಿಗಿಂತ ಹೆಚ್ಚಾಗಿ, ಕಿರಿಯ ವಯಸ್ಸಿನಲ್ಲೇ ಬರುತ್ತವೆ. ಹಾಗಾಗಿಯೇ ಇಲ್ಲಿನ ಮಾರ್ಗಸೂಚಿಗಳು ನಮ್ಮವರ ಬಿಎಂಐ 23 ದಾಟಿದೊಡನೆ ಎಚ್ಚರ ಹೇಳುತ್ತವೆ. ಇಂಗ್ಲೆಂಡಿನಲ್ಲಿ 40 ದಾಟಿದವರಿಗೆ ಎನ್‌ಎಚ್‌ಎಸ್ ಹೆಲ್ತ್ ಚೆಕ್ ಉಚಿತ. ನೂರಿಪ್ಪತ್ತು ಪೌಂಡಿನ ಬೂಟು ಕೊಂಡವರು ಈ ಉಚಿತ ತಪಾಸಣೆಯ ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಮರೆಯುವುದನ್ನು ಕಂಡಿದ್ದೇವೆ. ಓಡುವಾಗ ಎದೆ ಬಿಗಿದರೆ, ಕಣ್ಣು ಕತ್ತಲಿಟ್ಟರೆ, ಎಂದಿನ ಗತಿಗೇ ಎಂದಿಲ್ಲದ ಏದುಸಿರು ಬಂದರೆ ಅಲ್ಲೇ ನಿಲ್ಲಬೇಕು, ಜಿಪಿಯನ್ನು ಕಾಣಬೇಕು, ನಿಂತರೂ ಎದೆಯ ಬಿಗಿತ ಇಳಿಯದಿದ್ದರೆ 999. ಜ್ವರ ಬಂದ ವಾರ ಓಟ ಬೇಡವೇ ಬೇಡ. ಪಟ್ಟಿಯ ನಿಜವಾದ ಅಪಾಯ ನಮಗೆ ಕಾಣುವುದು ಇಲ್ಲಿ. ಆಮೆಯ ಚಿತ್ರಕ್ಕೆ ಹೆದರಿದವರು ಎದೆಯ ಬಿಗಿತಕ್ಕೆ ಹೆದರುವುದಿಲ್ಲ.

ಪಟ್ಟಿಯಿಂದ ಅನ್ಯಾಯಕ್ಕೊಳಗಾದವರೂ ಇದ್ದಾರೆ. ಅಮೆರಿಕದ 14 ಮ್ಯಾರಥಾನ್‌ಗಳ ಸುಮಾರು 92,000 ಓಟಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡನೆಯ ಅರ್ಧದಲ್ಲಿ ಗಂಡಸರು ಸರಾಸರಿ ಶೇ. 15.6ರಷ್ಟು ನಿಧಾನವಾದರೆ ಹೆಂಗಸರು ನಿಧಾನವಾದದ್ದು ಶೇ. 11.7ರಷ್ಟು. ಗತಿ ಕಾಯುವ ವಿದ್ಯೆಯಲ್ಲಿ ಹೆಂಗಸರು ಮುಂದೆ. ನಮ್ಮ ಗುಂಪಿನಲ್ಲೂ ಮೊದಲ ಮೈಲಿಗೂ ಕೊನೆಯ ಮೈಲಿಗೂ ಹತ್ತು ಸೆಕೆಂಡಿನ ವ್ಯತ್ಯಾಸ ಬಾರದಂತೆ ಓಡುವ ಸಹೋದರಿಯರಿದ್ದಾರೆ. ಅವರ ಹೆಸರು ವಾರವಾರವೂ ಪಟ್ಟಿಯ ಬುಡದಲ್ಲಿ, ಆಮೆಯ ಪಕ್ಕದಲ್ಲಿ. ಅವರಲ್ಲಿ ಇಬ್ಬರು ಜನವರಿಯಿಂದ ಭಾನುವಾರದ ಓಟಕ್ಕೆ ಬರುವುದನ್ನು ನಿಲ್ಲಿಸಿದರು. ಕಾರಣ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಗುಂಪಿಗೆ ಗತಿ ಕಲಿಸಬಲ್ಲವರನ್ನೇ ಗುಂಪು ಹೊರಗೆ ಕಳುಹಿಸಿದೆ.

ಹಾಗಾದರೆ ತರಬೇತಿಯ ನಡುವೆ ಬರುವ ರಸ್ತೆ ಓಟಗಳನ್ನೆಲ್ಲ ಕೈಬಿಡಬೇಕೆ? ಬೇಡ, ಬೇಡ. ಅವೇ ಈ ವಿದ್ಯೆಯ ಪಾಠಶಾಲೆ. ಫೆಬ್ರವರಿಯ ಹತ್ತು ಕಿಲೋಮೀಟರು, ಮಾರ್ಚಿಯ ಹಾಫ್, ಇವುಗಳಲ್ಲಿ ನಿಜವಾದ ಜನಸಂದಣಿ ಇರುತ್ತದೆ, ನಿಜವಾದ ಉದ್ವೇಗ ಇರುತ್ತದೆ, ದಾಟಿ ಹೋಗುವವರು ಇರುತ್ತಾರೆ. ಒಬ್ಬರೇ ಕಾಲುವೆಯ ದಂಡೆಯ ಮೇಲೆ ಓಡುವಾಗ ಇವು ಯಾವುವೂ ಸಿಗುವುದಿಲ್ಲ. ಹಾಫ್ ಮ್ಯಾರಥಾನಿನ ಮೊದಲ ಐದು ಕಿಲೋಮೀಟರನ್ನು ಉದ್ದೇಶಪೂರ್ವಕವಾಗಿ ಏಪ್ರಿಲ್‌ನ ಗತಿಗಿಂತ ಹತ್ತು ಸೆಕೆಂಡು ನಿಧಾನವಾಗಿ, ಮುಂದಿನ ಹತ್ತನ್ನು ನಿಖರವಾಗಿ ಅದೇ ಗತಿಯಲ್ಲಿ ಓಡಿ, ಉಳಿದ ಆರರಲ್ಲಿ ಕಾಲು ಒಪ್ಪಿದಷ್ಟು ಮುಂದೊತ್ತಿದರೆ ಮುಗಿಯಿತು. ಆ ಆರು ಕಿಲೋಮೀಟರಿನಲ್ಲಿ ಮೊದಲು ತಮ್ಮನ್ನು ದಾಟಿ ಹೋದವರ ಬೆನ್ನುಗಳು ಒಂದೊಂದಾಗಿ ಹತ್ತಿರವಾಗುವುದನ್ನು ಒಮ್ಮೆ ಕಂಡವರಿಗೆ ಮತ್ತೆ ಯಾರೂ ಉಪದೇಶ ಮಾಡಬೇಕಾಗಿಲ್ಲ. ಪಾರ್ಕ್‌ರನ್ನಿನ ಐದು ಕಿಲೋಮೀಟರಿನಲ್ಲೂ ಇದನ್ನೇ ಚಿಕ್ಕದಾಗಿ ಮಾಡಬಹುದು. ಅಂದಹಾಗೆ, ಪಾರ್ಕ್‌ರನ್ ಸಂಸ್ಥೆಯೇ 2024ರ ಫೆಬ್ರವರಿಯಲ್ಲಿ ತನ್ನ ಜಾಲತಾಣದಿಂದ ವೇಗದ ದಾಖಲೆಗಳ ಪಟ್ಟಿಗಳನ್ನು ತೆಗೆದುಹಾಕಿತು. ಗದ್ದಲವಾಯಿತು, ಅದು ಹಿಂಜರಿಯಲಿಲ್ಲ. ಅವರು ಕೈಬಿಟ್ಟದ್ದನ್ನು ನಮ್ಮ ಬಳಗ ಪ್ರತಿ ಶನಿವಾರ ಕೈಯಾರೆ ಪುನಃ ಬರೆಯುತ್ತಿದೆ.

ಗಡಿಯಾರವನ್ನು ಪೂರ್ತಿ ನಂಬುವುದೂ ಬೇಡ. ಕೆನರಿ ವಾರ್ಫ್‌ನ ಗಗನಚುಂಬಿಗಳ ನಡುವೆ ಜಿಪಿಎಸ್ ದಾರಿ ತಪ್ಪುತ್ತದೆ. ತಿರುವುಗಳಲ್ಲಿ ಹೊರಬದಿಯಿಂದ ಓಡಿದವರು 42.195ಕ್ಕಿಂತ ಹೆಚ್ಚೇ ಓಡುತ್ತಾರೆ. ಉಸಿರೇ ಒಳ್ಳೆಯ ಅಳತೆ. ಅಭ್ಯಾಸದ ಉದ್ದ ಓಟದಲ್ಲೂ ಮ್ಯಾರಥಾನಿನ ಮೊದಲ ಹತ್ತು ಮೈಲಿಯಲ್ಲೂ ಪಕ್ಕದವರೊಡನೆ ಒಂದು ಪೂರ್ಣ ವಾಕ್ಯ ಆಡಲು ಬರಬೇಕು. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆಯೇ ಬಂದುಹೋಗುವುದರಿಂದ ಅಲ್ಲಿ ಮೋಸ ಮಾಡಬಹುದು. ಕನ್ನಡದಲ್ಲಿ ಕ್ರಿಯಾಪದ ಕಟ್ಟಕಡೆಗೆ. ಅಲ್ಲಿಯವರೆಗೆ ಉಸಿರು ಉಳಿಯದಿದ್ದರೆ ವಾಕ್ಯಕ್ಕೆ ಅರ್ಥವೇ ಇಲ್ಲ. ‘ನಮ್ಮ ಮನೆಯವರು ನಿನ್ನೆ ಹೌನ್ಸ್ಲೋದ ಅಂಗಡಿಯಿಂದ ಎರಡು ಕಿಲೋ ಬದನೆಕಾಯಿ’ ಎಂದು ಹೇಳಿ ಏದುಸಿರು ಬಿಡುವವರು, ಆ ಬದನೆಕಾಯಿ ಏನಾಯಿತೆಂದು ಹೇಳಲಾರದಾದರೆ, ಗತಿ ತಗ್ಗಿಸಬೇಕು.

ನಮ್ಮ ಮಕ್ಕಳಿಗೆ ಇದೆಲ್ಲ ಗೊತ್ತು. ಬಳಗದ ಸಂಗೀತ ತರಗತಿಯಲ್ಲಿ ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ಹಾಡಿಸುತ್ತಾರೆ. ಒಂದನೆಯ ಕಾಲವನ್ನು ಅವಸರದಲ್ಲಿ ಎತ್ತಿಕೊಂಡ ಮಗುವಿಗೆ ಮೂರನೆಯ ಕಾಲದಲ್ಲಿ ಸ್ವರಗಳು ಬಾಯಿಗೆ ಹತ್ತುವುದಿಲ್ಲ. ಗುರುಗಳು ತೊಡೆ ತಟ್ಟಿ ನಿಲ್ಲಿಸಿ, ತಾಳ ಓಡುತ್ತಿದೆ, ಮತ್ತೆ ಮೊದಲಿನಿಂದ ಎನ್ನುತ್ತಾರೆ. ಹೊರಗೆ ಕಾರಿನಲ್ಲಿ ಕೂತು, ಅದೇ ಮಕ್ಕಳ ತಂದೆತಾಯಿಯರು ಭಾನುವಾರದ ಪಟ್ಟಿಯಲ್ಲಿ ತಮ್ಮ ಸ್ಥಾನ ಹುಡುಕುತ್ತಿರುತ್ತಾರೆ.

ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಅಭ್ಯಾಸದ ಓಟಗಳ ಪಟ್ಟಿ ಈ ವಾರದಿಂದಲೇ ನಿಲ್ಲಲಿ. ಭಾನುವಾರದ ಉದ್ದ ಓಟದಲ್ಲಿ ಮುಂದೆ ಓಡುವ ಹೊಣೆಯನ್ನು, ಪಟ್ಟಿಯ ಬುಡದಲ್ಲಿದ್ದ ಆ ಸಹೋದರಿಯರನ್ನು ಕೇಳಿಕೊಂಡು, ಅವರಿಗೇ ವಹಿಸಲಿ; ಮೊದಲ ಒಂದು ಗಂಟೆ ಯಾರೂ ಅವರನ್ನು ದಾಟದಿರಲಿ. ಮಾರ್ಚಿಯ ಹಾಫ್ ಮುಗಿದ ಮೇಲೆ ಪಟ್ಟಿ ಬೇಕೇ ಬೇಕೆಂದಾದರೆ ಅದರಲ್ಲಿ ಎರಡೇ ಅಂಕಣಗಳಿರಲಿ: ಮೊದಲ ಐದು ಕಿಲೋಮೀಟರಿನ ಸಮಯ, ಕೊನೆಯ ಐದರ ಸಮಯ. ಹೆಸರುಗಳು ಅಕಾರಾದಿಯಲ್ಲಿ.